ನಾನು ದೋಣಿ ಹತ್ತಿದ್ದು

ಕಡಲಿನಿಂದ ನೋಡಿದರೆ ದಡ ಹೇಗೆ ಕಾಣುತ್ತದೆ ಎನ್ನುವುದು ಈಚಿನವರೆಗೂ ನನಗೆ ಗೊತ್ತಿರಲಿಲ್ಲ. ಹುಟ್ಟಿದ್ದು ಕಡಲ ಬದಿಯಲ್ಲಿ, ಮದುವೆಯಾಗಿ ಬಂದದ್ದೂ ಕಿರಿಮಂಜೇಶ್ವರದ ಕಡಲ ಬದಿಗೆ. ತಲೆಯ ಮೇಲೆ ಬುಟ್ಟಿ ಹೊತ್ತು ಯಡ್ತರೆ, ಬೈಂದೂರು ಎಂದು ಮನೆಮನೆಗೆ ಮೀನು ಮಾರಿದವಳು ನಾನು. ಗದ್ದೆಯ ಈಚೆ ಅಂಚಿನಲ್ಲಿ ನಿಂತು ಕೂಗಿದರೆ ಆಚೆ ಅಂಚಿನ ಬೆಕ್ಕು ಎದ್ದು ಕೂರುತ್ತಿತ್ತು. ಹರಿದ ಬಲೆ ಸರಿಮಾಡಿದ್ದೇನೆ, ಮೀನು ವಿಂಗಡಿಸಿದ್ದೇನೆ, ಒಣಗಿಸಿದ್ದೇನೆ, ಕಾಗೆ ಓಡಿಸಿದ್ದೇನೆ. ದೋಣಿಯೊಳಗೆ ಮಾತ್ರ ಕಾಲಿಟ್ಟವಳಲ್ಲ. ಬಲೆ ಹಾಕುವ ದೋಣಿಗೆ ಹೆಂಗಸರು ಹತ್ತಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ.

ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಕೇಳಿದ್ದೆ, ಒಂದೇ ಒಂದು ಸಲ ಹತ್ತಿ ಇಳಿದರೆ ಏನಾಗುತ್ತದೆ ಎಂದು. ಅತ್ತೆ ಮೀನು ಕೊಯ್ಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಕಡ್ಲೇ ಒಂದ್ ಹೆಂಗ್ಸ್. ಅವ್ಳ್ ಹತ್ರ ಇನ್ನೊಂದ್ ಹೆಂಗ್ಸ್ ಹೋರೆ ಜಗಳ ಆತ್ತ್." ಅತ್ತೆಗೂ ನನಗೂ ದಿನಾ ನಡೆಯುತ್ತಿದ್ದದ್ದನ್ನು ನೆನೆದರೆ ಆ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿರಲಿಲ್ಲ.

ಗಂಡನನ್ನೂ ಕೇಳಿದ್ದೆ. ಅವರು ತಾಂಡೇಲರು, ಎಂದರೆ ದೋಣಿಯ ಮುಖ್ಯಸ್ಥ, ಚುಕ್ಕಾಣಿ ಹಿಡಿಯುವವರು. ಹತ್ತಿಸುವುದು ಬೇಡ, ಅಲ್ಲಿಂದ ನಮ್ಮ ದಡ ಹೇಗೆ ಕಾಣುತ್ತದೆ ಎಂದಾದರೂ ಹೇಳಿ ಎಂದೆ. "ದಡ ಅಂದ್ರೆ ದಡದ್ ಹಾಂಗೇ ಕಾಣತ್ತ್" ಎಂದರು. ಇಂಥವರ ಜೊತೆ ನಾನು ಸಂಸಾರ ಮಾಡಿದ್ದೇನೆ. ಅವರ ದೋಣಿ ಹೊರಟರೆ ಅದು ಚುಕ್ಕೆಯಾಗಿ ಅಳಿಸಿಹೋಗುವವರೆಗೆ ನಿಂತು ನೋಡುತ್ತಿದ್ದೆ. ಆ ಚುಕ್ಕೆಯ ಕಡೆಯಿಂದ ನಮ್ಮ ಮನೆ, ನಮ್ಮ ಮರಗಳು, ಅವುಗಳ ಕೆಳಗೆ ನಿಂತ ನಾನು ಹೇಗೆ ಕಾಣುತ್ತೇವೆ ಎನ್ನುವುದನ್ನು ಒಮ್ಮೆ ನೋಡಬೇಕಿತ್ತು. ಮಂಡಿನೋವು ಬಂದು ಅವರು ದೋಣಿ ಮಾರಿದ ದಿನ ಅವರಿಗಿಂತ ಹೆಚ್ಚು ದುಃಖಪಟ್ಟವಳು ನಾನು. ಅವರಿಗಾದರೆ ದೋಣಿ ಸಿಕ್ಕಿ ಹೋಯಿತು, ನನಗೆ ಸಿಗದೆಯೇ ಹೋಯಿತು.

ಹೀಗಿರುವಾಗ ಈ ಸಲದ ಬೇಸಿಗೆ ರಜೆಗೆ ಮೊಮ್ಮಗಳು ಬಂದಳು. ನನ್ನ ಮಗಳನ್ನು ಕೊಟ್ಟದ್ದು ಬ್ರಹ್ಮಾವರಕ್ಕೆ, ಅಳಿಯನದ್ದು ಅಲ್ಲಿ ಬೇಕರಿ. ಮೊಮ್ಮಗಳಿಗೆ ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಬಾಯಿ ಮಾತ್ರ ನನ್ನದೇ. ಮಗಳು ಅವಳನ್ನು ಬಿಟ್ಟು ಹೋದ ಮಾರನೆಯ ಬೆಳಿಗ್ಗೆ, ಚಹಾಕ್ಕೆ ಬಿಸ್ಕತ್ತು ಅದ್ದುತ್ತಾ ಅವಳು ವಿಷಯ ಎತ್ತಿದಳು. ಅವಳ ತರಗತಿಯ ಒಬ್ಬಳು ಕುಂದಾಪುರದ ಕಡೆ ಕಡಲ ಬದಿಯಲ್ಲಿ ಹೊಸದಾಗಿ ಆಗಿರುವ ಪಾರ್ಕಿಗೆ ಹೋಗಿ ಬಂದಿದ್ದಾಳಂತೆ. ಅಲ್ಲಿ ತಿರುಗುವುದಿದೆ, ಗುದ್ದುವುದಿದೆ, ಎಲ್ಲಕ್ಕಿಂತ ಹೆಚ್ಚಾಗಿ ಕಡಲಿಗೆ ಕರೆದುಕೊಂಡು ಹೋಗಿ ತರುವ ಬೋಟು ಇದೆ.

"ಅಜ್ಜಯ್ಯ ತಾಂಡೇಲ ಅಂಬ್ರ್," ಎಂದಳು, ಅಜ್ಜಯ್ಯನ ಮುಖವನ್ನೇ ನೋಡುತ್ತಾ. "ನಾನ್ ಇಷ್ಟ್ ದಿನಕ್ ಒಂದ್ ಬೋಟಾದ್ರೂ ಹತ್ತಿದ್ನಾ? ಇಲ್ಲೆ. ಶಾಲೆಗೆ ಹೋಯ್ ಎಂತ ಹೇಳುದ್ ನಾನ್?"

ಅಜ್ಜಯ್ಯ ಮೊದಲು ಗುರುಗುಟ್ಟಿದರು. ಕಡಲು ಮನೆಯ ಹಿಂದೆಯೇ ಪುಕ್ಕಟೆ ಬಿದ್ದಿರುವಾಗ ಅದನ್ನು ನೋಡಲು ಟಿಕೆಟ್ ಕೊಳ್ಳುವ ಕಾಲ ಬಂತಲ್ಲ ಎಂದರು. ಆಮೇಲೆ ಕರಗಿದರು. "ಆಯ್ತ್ ಮಗಾ. ನಾನ್ ನಿನ್ನ ಬೋಟಿಗ್ ಕರ್ಕಂಡ್ ಹೋತೆ. ಅಮ್ಮಮ್ಮ ದಡದಾಗೆ ಬ್ಯಾಗ್ ಕಾಯ್ಕಂಡ್ ಕೂಕಂತ್ಲ್."

ನನಗೆ ಮೈಯೆಲ್ಲ ಉರಿಯಿತು. ಒಗ್ಗರಣೆಯ ಸಟ್ಟುಗ ಕೈಯಲ್ಲಿತ್ತು, ಇಟ್ಟುಬಿಟ್ಟೆ. ಬಲೆಯೇ ಇಲ್ಲದ ಬೋಟಿಗೆ ಯಾವ ಕಟ್ಟಳೆ? ಆದರೂ ಬಾಯಿ ಬಿಡಲಿಲ್ಲ. ಮೀನು ಮಾರುವವಳಿಗೆ ಒಂದು ಬುದ್ಧಿ ಇರುತ್ತದೆ, ಗಿರಾಕಿ ಹೊಸಿಲು ದಾಟಿ ಹೊರಗೆ ಬರುವವರೆಗೆ ಬುಟ್ಟಿಯ ಬಟ್ಟೆ ಸರಿಸಬಾರದು. ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಎಂದು ಒಳ್ಳೆಯ ಸೀರೆ ತೆಗೆದೆ.

ಬಸ್ಸಿನಲ್ಲಿ ಕಿಟಕಿಯ ಸೀಟು ಮೊಮ್ಮಗಳದ್ದು, ನಡುವಿನದು ನನ್ನದು. ಮರವಂತೆ ದಾಟಿ ಹೆಮ್ಮಾಡಿಗೆ ಬಂದಾಗ ಹಟ್ಟಿಯಂಗಡಿಯ ಗಣಪತಿ ಇರುವ ದಿಕ್ಕಿಗೆ ಕೂತಲ್ಲಿಂದಲೇ ಕೈ ಮುಗಿದು, ಮಗು ಎಲ್ಲಿಯೂ ವಾಂತಿ ಮಾಡದ ಹಾಗೆ ನೋಡಿಕೋ ತಂದೆ ಎಂದು ಬೇಡಿಕೊಂಡೆ. ಗಂಡನ ವಿಷಯದಲ್ಲೂ ಬೇಡಿಕೊಳ್ಳಬೇಕಿತ್ತು, ಹೊಳೆಯಲಿಲ್ಲ.

ಪಾರ್ಕಿನ ಬಾಗಿಲೆಂದರೆ ಬಾಯಿ ತೆರೆದ ಒಂದು ಸಿಮೆಂಟಿನ ಮೀನು. ಅದರ ಬಾಯೊಳಗೆ ಹೊಕ್ಕು ಹೋಗಬೇಕು. ಬಣ್ಣ ಅಂಜಲ್‌ನದ್ದು, ಬಾಲ ಬಂಗುಡೆಯದ್ದು, ಕಣ್ಣಿಗೆ ರೆಪ್ಪೆಗೂದಲು ಬೇರೆ ಬರೆದಿದ್ದರು. ನನ್ನ ಕೈ ತಾನಾಗಿ ಅದರ ಕಿವಿರಿನ ಹತ್ತಿರ ಹೋಯಿತು, ಎತ್ತಿ ನೋಡಿ ತಾಜಾ ಹೌದೋ ಅಲ್ಲವೋ ಹೇಳುವ ಅಭ್ಯಾಸ. ಗಂಡ ಅದರ ಹಲ್ಲಿನ ಸಾಲು ನೋಡಿ, "ಇಷ್ಟ್ ವರ್ಷ ನಾವ್ ತಿಂದದ್ದಕ್ಕೆ ಈಗ ಅದೇ ನಮ್ಮನ್ ತಿಂಬುಕ್ ಹೊರ್ಟಿತ್ ಕಾಣ್" ಎಂದರು.

ಬಾಗಿಲಲ್ಲಿ ನಿಂತಿದ್ದ ಕಾವಲಿನವರು ನನ್ನ ಚೀಲ ಬಿಚ್ಚಿಸಿದರು. ಹೊರಗಿನ ತಿಂಡಿ ಒಳಗೆ ತರುವ ಹಾಗಿಲ್ಲವಂತೆ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಒಣಸಿಗಡಿ ಚಟ್ನಿಯ ಪರಿಮಳ ಟಿಕೆಟ್ ಕೊಡುವ ಕಿಟಕಿಯವರೆಗೂ ಹೋಯಿತು. ಸಾಲಿನಲ್ಲಿದ್ದ ಯಾರೋ ಹೊರ ಊರಿನವರು ಮೂಗಿಗೆ ಕರವಸ್ತ್ರ ಹಿಡಿದರು. ಕಾವಲಿನವರು ಮಾತ್ರ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, "ತೆಂಗಿನ್‌ಕಾಯ್ ಸುಟ್ ಹಾಕದ್ದಾ ಅಮ್ಮ?" ಎಂದು ಕೇಳಿದರು. ಹೌದೆಂದೆ. ಒಳಗೆ ಒಯ್ಯಬಾರದು, ಬಿಸಾಡಲೂ ಬಾರದು. ಕಡೆಗೆ ಆ ಮೀನಿನ ಕೆಳತುಟಿಯ ಮೇಲೆ ಸಾಲಾಗಿ ಕೂತು ನಾವು ಮೂವರೂ ಕಾವಲಿನವರೂ ಸೇರಿ ನೀರುದೋಸೆ, ಚಟ್ನಿ ತಿಂದು ಡಬ್ಬಿ ಖಾಲಿ ಮಾಡಿದೆವು. ಬೆಳಗಿನ ಹತ್ತು ಗಂಟೆಗೆ ಊಟ ಮುಗಿಸಿ ಒಳಗೆ ಹೋದವರು ಆ ಪಾರ್ಕಿನಲ್ಲಿ ನಾವೇ ಮೊದಲಿಗರಿರಬೇಕು.

ಒಳಗೆ ಹೋದದ್ದೇ ಮೊಮ್ಮಗಳು ಬೋಟು ಎಂದಳು. ನೀರಿನ ಭರತ, ಎಂದರೆ ಉಬ್ಬರ, ಇಳಿಯಬೇಕು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದರು. ಸರಿ, ಅಷ್ಟರೊಳಗೆ ಡ್ಯಾಶಿಂಗ್ ಕಾರು ಆಗಲಿ ಎಂದಾಯಿತು. ನುಣುಪಾದ ನೆಲದ ಮೇಲೆ ರಬ್ಬರಿನ ಪಟ್ಟಿ ಸುತ್ತಿದ ಪುಟ್ಟ ಕಾರುಗಳು, ಒಂದಕ್ಕೊಂದು ಗುದ್ದಿಸುವುದೇ ಆಟ. ಅಜ್ಜಯ್ಯ ಮೊಮ್ಮಗಳು ಒಂದರಲ್ಲಿ ಕೂತರು, ನನ್ನನ್ನು ಇನ್ನೊಂದರಲ್ಲಿ ಕೂರಿಸಿದರು. ಜೀವಮಾನದಲ್ಲಿ ಸೈಕಲ್ಲೂ ಬಿಡದವಳು ನಾನು.

ಗಂಟೆ ಹೊಡೆಯಿತು. ಎಲ್ಲರೂ ಎಲ್ಲರಿಗೂ ಗುದ್ದತೊಡಗಿದರು. ನನ್ನ ಗಂಡನ ಕಾರು ಮಾತ್ರ ಯಾರಿಗೂ ತಾಗಲಿಲ್ಲ. ಎದುರಿನಿಂದ ಬರುವವರಿಗೆ ದಾರಿ ಬಿಟ್ಟರು, ಪಕ್ಕದಿಂದ ಬರುವವರಿಗೆ ಕೈ ಸನ್ನೆ ಮಾಡಿದರು, ಸಂದಿಯಲ್ಲಿ ನುಗ್ಗಿ ಬಂದ ಒಬ್ಬ ಹುಡುಗನಿಗೆ "ಹ್ವಾಯ್, ನಿಧಾನ ಮಾರಾಯ" ಎಂದು ಬುದ್ಧಿ ಹೇಳಿದರು. ಅವರು ಬಂದರಿನಲ್ಲಿ ದೋಣಿ ಕಟ್ಟುವಾಗ ಪಕ್ಕದ ದೋಣಿಯ ಬಣ್ಣ ಕೂಡ ತರಚಿದವರಲ್ಲ. ಆ ಹೆಸರನ್ನು ಉಳಿಸಿಕೊಳ್ಳುವುದರಲ್ಲಿದ್ದರು. ಪಕ್ಕದಲ್ಲಿ ಮೊಮ್ಮಗಳು ಅಳುವುದೊಂದು ಬಾಕಿ.

"ಅಜ್ಜಯ್ಯ, ಗುದ್ದಿ. ಗುದ್ದುಕೇ ಇಪ್ಪುದ್ ಇದ್."

"ತಾಗ್ರೆ ಹಲಗೆ ಒಡಿತ್ತ್ ಮಗಾ."

ನನಗೆ ಅಂಥ ಹೆಸರೇನೂ ಇರಲಿಲ್ಲ, ಕೆಡುವ ಭಯವೂ ಇರಲಿಲ್ಲ. ಚಕ್ರ ಎತ್ತ ತಿರುಗಿಸಿದರೆ ಎತ್ತ ಹೋಗುತ್ತದೆ ಎಂದು ತಿಳಿಯುವ ಮೊದಲೇ ಕನ್ನಡಕದ ಒಬ್ಬ ಗಂಭೀರ ಮನುಷ್ಯರಿಗೆ ಗುದ್ದಿದೆ. ಕ್ಷಮಿಸಿ ಎನ್ನಲು ಹಿಂದೆ ಹೋದವಳು ಅವರ ಹೆಂಡತಿಗೆ ಗುದ್ದಿದೆ. ಆಮೇಲೆ ಕ್ಷಮೆ ಕೇಳುವುದನ್ನು ಬಿಟ್ಟೆ. ಕೋತಿಗೆ ಹೆಂಡ ಕುಡಿಸಿದ ಹಾಗೆ ಆಗಿತ್ತು ನನ್ನ ಸ್ಥಿತಿ. ಕಡೆಗೆ, ಅಷ್ಟು ಜತನದಿಂದ ಒಂದು ಮೂಲೆ ಸೇರಿ ನಿಂತಿದ್ದ ನನ್ನ ಗಂಡನ ಕಾರಿಗೆ ಹಿಂದಿನಿಂದ ಹೋಗಿ ಧಡಾರನೆ ಕೊಟ್ಟೆ. ಅವರ ತಲೆಯ ಮೇಲಿದ್ದ ಟವೆಲು ಹಾರಿ ಮೊಮ್ಮಗಳ ಮುಖದ ಮೇಲೆ ಬಿತ್ತು. ಅವಳು ಟವೆಲಿನೊಳಗಿಂದಲೇ ಕೇಕೆ ಹಾಕಿದಳು. "ಅಮ್ಮಮ್ಮ, ಇನ್ನೊಂದ್." ಇನ್ನೊಂದು ಕೊಟ್ಟೆ. ನಲವತ್ತು ವರ್ಷದ ಸಂಸಾರದಲ್ಲಿ ಅಷ್ಟು ಹಗುರಾದದ್ದು ನೆನಪಿಲ್ಲ.

ಭರತ ಇನ್ನೂ ಇಳಿದಿರಲಿಲ್ಲ. ಡ್ಯಾಶಿಂಗ್ ಕಾರಿನ ಆಚೆ ಎರಡು ಕಬ್ಬಿಣದ ಕಂಬಗಳ ನಡುವೆ ಒಂದು ದೊಡ್ಡ ದೋಣಿಯನ್ನು ನೇತುಹಾಕಿದ್ದರು. ಅದರೊಳಗೆ ಜನ ಕೂತರೆ ಉಯ್ಯಾಲೆಯ ಹಾಗೆ ಹಿಂದೆ ಮುಂದೆ ತೂಗುತ್ತದೆ. ಮುಂಭಾಗಕ್ಕೆ ಹುಲಿಯ ತಲೆ, ಹಿಂಭಾಗಕ್ಕೂ ಹುಲಿಯ ತಲೆ. ನಾನು ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟೆ. ಏನೇ ಆಗಲಿ, ಆಕಾರ ದೋಣಿಯದ್ದೇ.

"ಹ್ವಾಯ್," ಎಂದು ಗಂಡನನ್ನು ಕರೆದೆ. "ಇದ್ಕೆ ನಾನ್ ಹತ್ತಕಾ?"

ಅವರು ಕೆಳಗೆ ಬಗ್ಗಿ ನೋಡಿದರು, ಮೇಲೆ ನೋಡಿದರು, ಕಂಬ ತಟ್ಟಿ ನೋಡಿದರು. "ನೀರಿಲ್ದಿದ್ ದೋಣಿ ದೋಣಿ ಅಲ್ಲ. ಅದ್ ತೊಟ್ಲ್. ಹತ್ತ್" ಎಂದು ತೀರ್ಪು ಕೊಟ್ಟರು.

ತೀರ್ಪು ಹಾಗೆ ಬಂದರೂ ಅವರ ಕಾಲಿಗೆ ಅದು ತಿಳಿಯಬೇಡವೇ? ದೋಣಿ ಹತ್ತುವ ಮೊದಲು ನಮ್ಮವರು ಚಪ್ಪಲಿ ಬಿಡುತ್ತಾರೆ, ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟರು, ಹುಲಿಯ ಕುತ್ತಿಗೆ ಮುಟ್ಟಿ ನಮಸ್ಕರಿಸಿದರು. ಅವರು ಬಿಟ್ಟರೆಂದು ನಾನು ಬಿಟ್ಟೆ, ನಾನು ಬಿಟ್ಟೆನೆಂದು ಮೊಮ್ಮಗಳು. ನಮ್ಮ ಹಿಂದೆ ಗಂಗೊಳ್ಳಿ ಕಡೆಯ ಒಂದು ದೊಡ್ಡ ಕುಟುಂಬವಿತ್ತು, ಅವರೂ ಮಾತಿಲ್ಲದೆ ಬಿಟ್ಟರು. ಅವರ ಹಿಂದಿದ್ದವರು ಇದು ಇಲ್ಲಿಯ ನಿಯಮವೇ ಇರಬೇಕು ಎಂದು ಬೂಟಿನ ಲೇಸು ಬಿಚ್ಚತೊಡಗಿದರು. ಯಂತ್ರ ನಡೆಸುವವರು ಬಂದು ನೋಡುವಾಗ ಮೆಟ್ಟಿಲ ಬುಡದಲ್ಲಿ ಮದುವೆ ಮಂಟಪದ ಹೊರಗೆ ಬೀಳುವಷ್ಟು ಚಪ್ಪಲಿ. "ಇದೆಂತ ಮಾರ್ರೆ, ಯಾರ್ ಹೇಳ್ರ್ ಬಿಡುಕೆ?" ಎಂದು ಕೇಳಿದರು. ಎಲ್ಲರೂ ಹಿಂತಿರುಗಿ ನಮ್ಮನ್ನು ನೋಡಿದರು. ನಾವು ಹುಲಿಯನ್ನು ನೋಡಿದೆವು.

ಒಳಗೆ ಹೋದ ಮೇಲೆ ನನ್ನ ಗಂಡ ಸೀದಾ ಹಿಂದಿನ ತುದಿಯ ಸೀಟಿಗೆ ನಡೆದರು. ತಾಂಡೇಲನ ಜಾಗ ಅದು, ಚುಕ್ಕಾಣಿ ಇರುವ ಕಡೆ. ನಡುವಿನಲ್ಲಿ ಕೂತರೆ ಸಾಕು, ತುದಿಯಲ್ಲಿ ಹೆಚ್ಚು ತೂಗುತ್ತದೆ ಎಂದು ಯಂತ್ರದವರು ಎಚ್ಚರಿಸಿದರು. ಇವರು ಮೀಸೆಯಡಿಯಲ್ಲಿ ನಕ್ಕರು. "ಎಷ್ಟ್ ಗಾಳಿ ಕಂಡವ್ರ್ ನಾವ್" ಎಂದರು. ಮೊಮ್ಮಗಳನ್ನು ನಡುವೆ ಹಾಕಿಕೊಂಡು ನಾನೂ ಅಲ್ಲಿಯೇ ಕೂತೆ.

ಮೊದಲ ಎರಡು ತೂಗು ನಿಜಕ್ಕೂ ತೊಟ್ಟಿಲಿನದ್ದು. ಮೂರನೆಯದಕ್ಕೆ ನಮ್ಮ ತುದಿ ಮೇಲೆದ್ದಿತು. ಎದ್ದೇ ಎದ್ದಿತು. ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ. ಮೇಲಿನಿಂದ ಕಡಲು ಕಾಣಿಸಿತು, ಆಮೇಲೆ ಬರೀ ಆಕಾಶ, ಆಮೇಲೆ ನಮ್ಮೆಲ್ಲರ ಚಪ್ಪಲಿ. ನನಗೆ ನಗು ಶುರುವಾಯಿತು. ಯಾಕೆಂದು ಕೇಳಬೇಡಿ, ಹೆದರಿಕೆಗೋ ಸುಖಕ್ಕೋ, ಹೊಟ್ಟೆಯ ತಳದಿಂದ ಎದ್ದು ಬಂತು, ನಿಲ್ಲಲಿಲ್ಲ. ಮೊಮ್ಮಗಳು ಎರಡೂ ಕೈ ಎತ್ತಿ ಕೂಗುತ್ತಿದ್ದಳು. ಈಚೆ ತಿರುಗಿ ನೋಡುತ್ತೇನೆ, ನನ್ನ ಗಂಡ ಕಣ್ಣು ಮುಚ್ಚಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಇಲ್ಲದ ಚುಕ್ಕಾಣಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದಾರೆ. ಬಾಯಲ್ಲಿ ಇರುವ ದೇವರುಗಳೆಲ್ಲ.

ಕೆಳಗಿಳಿದಾಗ ಅವರು ಚಪ್ಪಲಿಯ ರಾಶಿಯಲ್ಲಿ ತಮ್ಮದನ್ನು ಹುಡುಕುವ ಸ್ಥಿತಿಯಲ್ಲಿರಲಿಲ್ಲ. ಒಂದು ತೆಂಗಿನ ಮರ ಹಿಡಿದು ನಿಂತು, ಬೆಳಗ್ಗೆ ತಿಂದ ನೀರುದೋಸೆಯನ್ನೆಲ್ಲ ಅದರ ಬುಡಕ್ಕೆ ಒಪ್ಪಿಸಿದರು. ಬೆನ್ನು ನೀವಿದೆ, ಬೆಂಚಿನ ಮೇಲೆ ಕೂರಿಸಿ ಲಿಂಬೆ ಸೋಡಾ ಕುಡಿಸಿದೆ.

"ಅಜ್ಜಯ್ಯ ಹೆದ್ರ್‌ಕಂಡ್ರ್" ಎಂದಳು ಮೊಮ್ಮಗಳು, ಸುದ್ದಿ ಓದುವವರ ಹಾಗೆ.

"ಹೆದ್ರಿಕೆ ಅಲ್ಲ ಅದ್. ಸಿಗಡಿ ಚಟ್ನಿ ಸಮ ಇಲ್ಲೆ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಚಟ್ನಿಯ ಮೇಲೆ ಹೊರಿಸಿದ ಆರೋಪಕ್ಕೆ ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಬೋಟು ಶುರುವಾಯಿತು ಎಂದು ಮೈಕಿನಲ್ಲಿ ಹೇಳಿದರು.

ಮೊಮ್ಮಗಳು ಬೆಂಚಿನಿಂದ ಜಿಗಿದು ಅಜ್ಜಯ್ಯನ ಕೈ ಎಳೆದಳು. ಅವರು ಎದ್ದರು, ಎದ್ದಷ್ಟೇ ಬೇಗ ಕೂತರು. ಲೋಕ ಇನ್ನೂ ತೂಗುತ್ತಿತ್ತು ಅವರಿಗೆ. ಬೋಟಿನ ಹತ್ತಿರ ಹೋಗಿ ವಿಚಾರಿಸಿದೆ. ಇಷ್ಟು ಚಿಕ್ಕವರನ್ನು ಒಬ್ಬರೇ ಕೂರಿಸುವುದಿಲ್ಲ, ದೊಡ್ಡವರೊಬ್ಬರು ಜೊತೆಗೆ ಬರಲೇಬೇಕು ಎಂದರು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಇಷ್ಟು ವರ್ಷಕ್ಕೆ ಬಂದ ಗಾಳಿ ಇದು.

ವಾಪಸು ಬಂದು, "ನಾನ್ ಹೋತೆ ಅವ್ಳ್ ಜೊತಿಗೆ" ಎಂದೆ.

ಅವರು ತಲೆ ಎತ್ತಿದರು. "ಅದ್ರಡಿಗೆ ನೀರಿತ್ತ್."

"ಬಲೆ ಇತ್ತಾ?"

"ಇಲ್ಲೆ."

"ಮೀನ್ ಹಿಡಿತ್ರಾ ಅದ್ರಗೆ?"

"ಇಲ್ಲೆ."

"ಮತ್ ಎಂತಕೆ ಹೋಪುಕಾಗ?"

ಮೊಮ್ಮಗಳು ನನ್ನನ್ನೂ ಅವರನ್ನೂ ನೋಡುತ್ತಾ ನಡುವೆ ನಿಂತಿದ್ದಳು. ಹೋಗಬೇಡ ಎಂದು ಅವರು ಒಂದು ಮಾತು ಹೇಳಿದ್ದರೆ ನಾನು ನಿಲ್ಲುತ್ತಿದ್ದೆನೋ ಏನೋ. ಜಗಳ ಮಾಡಿ ಹತ್ತುವ ಮನಸ್ಸಿರಲಿಲ್ಲ. ದೋಣಿ ಅಂದರೆ ಅವರದ್ದು, ಅವರ ಬಾಯಿಂದ ಹೂಂ ಎನ್ನಿಸಿಕೊಂಡು ಹತ್ತಬೇಕು ಎನ್ನುವುದು ನನ್ನ ಒಳಗಿನ ಆಸೆ. ಆ ಬೆಂಚಿನ ಮುಂದೆ ನಾನು ಏಳು ವರ್ಷದವಳ ಹಾಗೆಯೇ ಕಾಯುತ್ತಾ ನಿಂತೆ.

ಅವರು ಮೆಲ್ಲಗೆ ಎದ್ದು, ಮರಳಿನ ಮೇಲೆ ಓಲಾಡುತ್ತಾ ನೀರಿನ ಕಡೆ ಹೋದರು. ಬೋಟಿನ ಸುತ್ತ ಒಂದು ಸುತ್ತು ಬಂದರು. ಎಂಜಿನ್ನಿನ ಹತ್ತಿರ ಕಿವಿ ಇಟ್ಟರು. ಎಣ್ಣೆ ಎಷ್ಟಿದೆ ಎಂದು ಕೇಳಿದರು, ಗಾಳಿ ಎಲ್ಲಿಂದ ಎಂದು ಕೇಳಿ ತಾವೇ ಮುಖ ಎತ್ತಿ ನೋಡಿಕೊಂಡರು. ಬೋಟು ನಡೆಸುವವರು ನಡುವಯಸ್ಸಿನ ಮನುಷ್ಯ, ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಕಡೆಗೆ ನನ್ನ ಗಂಡ ನನ್ನ ಹತ್ತಿರ ಬಂದು, ಮೊಮ್ಮಗಳಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ಬೋಟ್ ಗಟ್ಟಿ ಇತ್ತ್. ನಂಗೇ ಹೆದ್ರಿಕೆ ಆತ್ತ್. ನೀವಿಬ್ರೂ ಅಲ್ಲಿ, ನಾನ್ ಇಲ್ಲಿ."

ಅವರ ಬಾಯಿಂದ ಹೆದರಿಕೆ ಎನ್ನುವ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಇಂಥ ಹೊತ್ತಿನಲ್ಲಿ ನಾನು ಕೆಲಸ ಹೇಳುತ್ತೇನೆ. ಚೀಲವನ್ನು ಅವರ ಹೆಗಲಿಗೆ ಹಾಕಿದೆ, ನನ್ನ ಮತ್ತು ಮೊಮ್ಮಗಳ ಚಪ್ಪಲಿಗಳನ್ನು ಅವರ ಕೈಗೆ ಕೊಟ್ಟೆ. "ಹಿಡ್ಕಣಿ, ನೀರಿಗ್ ಹೋಯ್ತ್ ಕಡೆಗೆ" ಎಂದೆ. ಅವರು ಹಿಡಿದುಕೊಂಡು, "ನಡು ಸೀಟಗ್ ಕೂಕೋ. ಹೋಯ್ ಬಾ" ಎಂದರು.

ಹೋಗಿ ಬಾ ಎಂದರು. ನನ್ನ ಕಿವಿಯನ್ನೇ ನನಗೆ ನಂಬಲಾಗಲಿಲ್ಲ.

ಬೋಟಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸೀರೆ ಎತ್ತಿ ಕಟ್ಟಿ ಒಂದು ಕಾಲು ಒಳಗಿಟ್ಟೆ, ಅಷ್ಟರಲ್ಲಿ ಅಲೆ ಬಂದು ಇನ್ನೊಂದು ಕಾಲನ್ನು ತಾನೇ ಒಳಗೆ ಹಾಕಿತು. ಹೋಗಿ ಬಿದ್ದದ್ದು ಮೊಮ್ಮಗಳ ಮಡಿಲಿಗೆ. ಕಿತ್ತಳೆ ಬಣ್ಣದ ತೇಲುವ ಅಂಗಿಯನ್ನು ತೊಡಿಸಿದರು, ನನ್ನ ಗಾತ್ರಕ್ಕೆ ಅದರ ಪಟ್ಟಿ ಸಾಲದೆ ಬೋಟಿನವರು ಹಗ್ಗದ ತುಂಡು ಸೇರಿಸಿ ಕಟ್ಟಿದರು. ಎಂಜಿನ್ನು ಗುಡುಗಿತು. ಮೂತಿ ಎತ್ತಿಕೊಂಡು ಬೋಟು ಹೊರಟಿತು.

ಆ ಕುಣಿತವನ್ನು ಹೇಗೆ ಹೇಳಲಿ. ಒಂದೊಂದು ಅಲೆಗೂ ಬೋಟು ಎದ್ದು ಬೀಳುತ್ತಿತ್ತು, ನಾವಿಬ್ಬರೂ ಸೀಟಿನಿಂದ ಎದ್ದು ಬೀಳುತ್ತಿದ್ದೆವು. ಉಪ್ಪುನೀರು ಮುಖಕ್ಕೆ ರಾಚಿ ನನ್ನ ಕನ್ನಡಕ ಮಬ್ಬಾಯಿತು, ಮುಡಿಯ ಅಬ್ಬಲಿಗೆ ಹೂವು ಹಾರಿಹೋಯಿತು. ಕಡಲಿಗೂ ನನಗೂ ಜಗಳವೇನೂ ಆಗಲಿಲ್ಲ. ಅತ್ತೆ ಇದ್ದಿದ್ದರೆ ಅವರನ್ನೂ ಎಳೆದು ಕೂರಿಸುತ್ತಿದ್ದೆ. ತಡೆಯಲಾರದೆ ನನ್ನ ಹಳೆಯ ದನಿ ತೆಗೆದು, ಯಡ್ತರೆಯ ಗದ್ದೆ ಬದುವಿನಲ್ಲಿ ಕೂಗುತ್ತಿದ್ದ ಹಾಗೆ, "ಮೀನ್ ಬೇಕಾ ಮೀನ್" ಎಂದು ಕಡಲಿಗೇ ಕೂಗಿದೆ. ಮೊಮ್ಮಗಳು ನಕ್ಕು ನಕ್ಕು ಬಿಕ್ಕಳಿಸತೊಡಗಿದಳು. ಆಮೇಲೆ ಅವಳೂ ಕೂಗಿದಳು, "ಬಂಗ್ಡೆ ಬೇಕಾ, ಬೂತಾಯ್ ಬೇಕಾ." ಬೋಟಿನವರು ಹಿಂತಿರುಗಿ ನೋಡಿ, "ಅಲ್ಲೇ ಇತ್ತಲೆ ಅಮ್ಮ, ಅಡಿಯಗೆ" ಎಂದರು.

ಒಂದಷ್ಟು ದೂರ ಹೋದ ಮೇಲೆ ಅವರು ಎಂಜಿನ್ನಿನ ಸದ್ದು ಇಳಿಸಿ ಬೋಟನ್ನು ತಿರುಗಿಸಿದರು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡೆ.

ದಡ ಎದುರಿಗಿತ್ತು. ಮೊದಲು ಕಂಡದ್ದು ಗುಡ್ಡಗಳು. ತೆಂಗಿನ ಮರಗಳ ಹಿಂದೆಯೇ, ನೀಲಿಯಾಗಿ, ಸಾಲಾಗಿ ಘಟ್ಟ ಎದ್ದು ನಿಂತಿತ್ತು. ನಾವು ಅಷ್ಟು ದೊಡ್ಡದೊಂದರ ಬುಡದಲ್ಲಿ ಬದುಕುತ್ತಿದ್ದೇವೆ ಎಂದು ದಡದಲ್ಲಿ ನಿಂತವಳಿಗೆ ಹೇಗೆ ಗೊತ್ತಾಗಬೇಕು. ಅದರ ಮುಂದೆ ತೆಂಗಿನ ತಲೆಗಳು, ಪಾರ್ಕಿನ ತಿರುಗುವ ಚಕ್ರ ಬಳೆಯಷ್ಟು ಸಣ್ಣದಾಗಿ, ಬಣ್ಣಬಣ್ಣದ ಕೊಡೆಗಳು. ಎಷ್ಟು ಚೆಂದವಿತ್ತೆಂದರೆ ನನಗೆ ಗಂಡನ ಮೇಲೆ ಸಿಟ್ಟು ಬಂತು. ಇದನ್ನೆಲ್ಲ ದಿನಾ ನೋಡಿ ಬಂದು, ದಡ ದಡದ ಹಾಗೆ ಕಾಣುತ್ತದೆ ಎಂದರಲ್ಲ ಈ ಮನುಷ್ಯ.

ಆಮೇಲೆ ಮರಳಿನ ಮೇಲಿನ ಜನರನ್ನು ನೋಡಿದೆ. ಎಲ್ಲರೂ ಇರುವೆಯಷ್ಟು, ಎಲ್ಲರೂ ಅತ್ತಿತ್ತ ಓಡಾಡುತ್ತಿದ್ದಾರೆ. ಒಬ್ಬರು ಮಾತ್ರ ಓಡಾಡುತ್ತಿರಲಿಲ್ಲ. ಉಳಿದವರನ್ನೆಲ್ಲ ಬಿಟ್ಟು ಮುಂದೆ ಬಂದು, ಮಂಡಿ ಮುಳುಗುವಷ್ಟು ನೀರಿನಲ್ಲಿ, ಹೆಗಲ ಮೇಲೆ ಚೀಲ, ಒಂದು ಕೈಯಲ್ಲಿ ಚಪ್ಪಲಿಗಳು, ಇನ್ನೊಂದು ಕೈ ಹಣೆಯ ಮೇಲೆ. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಅಲೆ ಬಂದು ಬಡಿದರೂ ಅವರು ಅಲುಗಲಿಲ್ಲ. ಅಷ್ಟರ ಮೇಲೆ ನನಗೆ ಗುಡ್ಡವೂ ಕಾಣಲಿಲ್ಲ, ಚಕ್ರವೂ ಕಾಣಲಿಲ್ಲ.

"ಅಮ್ಮಮ್ಮ, ಎಂತ ಕಾಣ್ತಿದ್ರಿ?" ಎಂದಳು ಮೊಮ್ಮಗಳು.

"ಅಜ್ಜಯ್ಯನ್ನ" ಎಂದೆ. ಕಣ್ಣಲ್ಲಿ ಬಂದದ್ದು ಉಪ್ಪುನೀರೇ, ಯಾವ ಉಪ್ಪುನೀರು ಎಂದು ಅವಳು ಕೇಳಲಿಲ್ಲ. ಅವಳು ಎದ್ದು ನಿಂತು ಎರಡೂ ಕೈ ಬೀಸಿದಳು, ನಾನೂ ಬೀಸಿದೆ. ದಡದಲ್ಲಿ ಆ ಮನುಷ್ಯ ಹಣೆಯ ಮೇಲಿನ ಕೈ ತೆಗೆದು ಚಪ್ಪಲಿಯ ಕೈಯನ್ನೇ ಮೇಲೆತ್ತಿ ಬೀಸಿದರು.

ಬೋಟು ದಡ ಮುಟ್ಟುವ ಮೊದಲೇ ಅವರು ಸೊಂಟದವರೆಗೆ ನೀರಿಗೆ ಇಳಿದು ಬಂದಿದ್ದರು. ಚೀಲ ಒದ್ದೆ, ಚಪ್ಪಲಿಗಳಲ್ಲಿ ಒಂದು ಆಗಲೇ ಕಡಲಿನ ಪಾಲು. ಬಂದವರೇ ಬೋಟಿನ ಅಂಚು ಹಿಡಿದು ಬೋಟಿನವರನ್ನು ಗದರಿದರು. "ಎಷ್ಟ್ ಹೊತ್ತ್ ಮಾರಾಯ? ಎಲ್ಲಿಗ್ ಹೋಯ್ದಿ ಅಷ್ಟ್ ದೂರ?"

"ಹತ್ತ್ ನಿಮಿಷ ಆಯ್ಲಿಲ್ಲೆ ಅಜ್ಜಯ್ಯ" ಎಂದರು ಅವರು, ಪಾಪ.

ಮೊಮ್ಮಗಳು ಅಜ್ಜಯ್ಯನ ಕುತ್ತಿಗೆಗೆ ಜೋತುಬಿದ್ದು ಇಳಿದಳು, ಘಟ್ಟ, ಚಕ್ರ, ಬೂತಾಯಿ ಎಂದು ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಅವರು ಹೂಂ ಹೂಂ ಎನ್ನುತ್ತಿದ್ದರು, ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಕೈ ಹಿಡಿದು ಇಳಿಸಲು ಬಂದರು. ಹಿಡಿದ ಕೈ ತಣ್ಣಗಿತ್ತು. ಇಳಿಸದೆ ಹಾಗೆಯೇ ಹಿಡಿದುಕೊಂಡು ನಿಂತರು.

"ಇಷ್ಟ್ ವರ್ಷ ನೀನ್ ಹ್ಯಾಂಗ್ ನಿಂತ್ಕಂಡಿದ್ದೆ ಮಾರಾಯ್ತಿ?" ಎಂದರು.

ನನಗೆ ಅಳುವೂ ಬಂತು, ನಗುವೂ ಬಂತು, ಗೆದ್ದದ್ದು ನಗು. ಕೈ ಬಿಡಿಸಿಕೊಂಡು ನಡು ಸೀಟಿನಲ್ಲಿ ಗಟ್ಟಿಯಾಗಿ ಕೂತೆ. ಮೊಮ್ಮಗಳಿಗೆ ಹತ್ತು ಎಂದು ಕಣ್ಣುಸನ್ನೆ ಮಾಡಿದೆ, ಅವಳಿಗೆ ಎರಡು ಸಲ ಹೇಳಬೇಕಾಗಲಿಲ್ಲ.

"ಇನ್ನೊಂದ್ ಸಲ ಹೋಯ್ ಬತ್ತೆ," ಎಂದೆ. "ನೀವ್ ಇಲ್ಲೇ ನಿಂತ್ಕಣಿ."